ಹಾರಬಾರದ ಕಾರು

ವಿಮಾನಕ್ಕೆ ವರವಾದ ಗಾಳಿಯ ಎತ್ತುಬಲವೇ ಓಟದ ಕಾರಿಗೆ ಮೃತ್ಯು. ವೇಗ ಇಮ್ಮಡಿಸಿದರೆ ಆ ಬಲ ನಾಲ್ಮಡಿಸುತ್ತದೆ. ಮೂತಿ ತುಸು ಮೇಲೆದ್ದರೂ ಕಾರು ಮಗುಚೀತು, ಚಾಲಕ ಉಳಿಯಲಾರ. ಆದುದರಿಂದ ಬ್ರಿಟನ್ನಿನ ಜೆಟ್ ಕಾರು ‘ಥ್ರಸ್ಟ್ ಎಸ್‌ಎಸ್‌ಸಿ’ಗೆ ಆಕಾರ ಕೊಟ್ಟ ರಾನ್ ಏಯರ್ಸ್ ಗಣಕದ ಲೆಕ್ಕವೊಂದನ್ನೇ ನಂಬಲಿಲ್ಲ. ವೇಲ್ಸ್‌ನ ಪೆಂಡೈನ್‌ನಲ್ಲಿ ಪುಟ್ಟ ಮಾದರಿಯೊಂದನ್ನು ರಾಕೆಟ್ ಬಂಡಿಯ ಮೇಲೆ ಓಡಿಸಿ ಬಲವನ್ನಳೆದರು. ಎರಡೂ ತಾಳೆಯಾದುವು. ಮುಂದೆ ನಿಜವಾದ ಕಾರು ಓಡುವಾಗಲೂ ಚಕ್ರಗಳ ಮೇಲಿನ ಭಾರವನ್ನು ಉಪಕರಣಗಳು ಬರೆದಿಟ್ಟುವು. ಆ ಭಾರ ಇಳಿದರೆ ಗಾಳಿ ಎತ್ತುತ್ತಿದೆಯೆಂದರ್ಥ. ಅದನ್ನು ಪರಿಶೀಲಿಸುತ್ತಲೇ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. 1997ರ ಅಕ್ಟೋಬರ್ 15ರಂದು ಅಮೆರಿಕದ ನೆವಾಡ ಮರುಭೂಮಿಯಲ್ಲಿ ಆಂಡಿ ಗ್ರೀನ್ ಗಂಟೆಗೆ 763 ಮೈಲಿಯ ವೇಗದಿಂದ ಶಬ್ದವನ್ನೂ ಹಿಂದಿಕ್ಕಿದರು. ಕಾರು ನೆಲ ಬಿಡಲಿಲ್ಲ.