ಉಪವಾಸದ ದಿನ ಒಲೆ ಯಾರ ಕೈಯಲ್ಲಿ?

ಈ ಸಲ ಶಿವರಾತ್ರಿ ಫೆಬ್ರುವರಿ 15ರ ಭಾನುವಾರ. ಮೂರು ದಿನ ಕಳೆದರೆ, 18ರಂದು, ಕ್ರೈಸ್ತರ ಬೂದಿ ಬುಧವಾರ. ಚಂದ್ರ ಕಂಡರೆ ಅದೇ ವಾರ ರಂಜಾನ್ ತಿಂಗಳ ರೋಜಾ ಕೂಡ ಶುರು. ಒಂದೇ ಓಣಿಯ ಮೂರು ಮನೆಗಳ ಉಪವಾಸ ಒಂದೇ ವಾರದಲ್ಲಿ ಬರುವುದು ಅಪರೂಪ.

ನಮ್ಮದು ಕಥೋಲಿಕ ಮನೆ. ಬೂದಿ ಬುಧವಾರದಿಂದ ಈಸ್ಟರ್ ಹಬ್ಬದ ಹಿಂದಿನ ದಿನದವರೆಗೆ ನಮಗೆ ತಪಸ್ಸುಕಾಲ. ಈ ವರ್ಷ ಈಸ್ಟರ್ ಏಪ್ರಿಲ್ 5ಕ್ಕೆ. ಮಕ್ಕಳೇ, ಕ್ಯಾಲೆಂಡರ್ ತೆಗೆದು ಭಾನುವಾರಗಳನ್ನು ಬಿಟ್ಟು ಎಣಿಸಿ ನೋಡಿ, ಸರಿಯಾಗಿ 40 ದಿನ ಬರುತ್ತದೆ. ಯೇಸುಸ್ವಾಮಿ ಮರುಭೂಮಿಯಲ್ಲಿ ಉಪವಾಸವಿದ್ದ ದಿನಗಳ ಲೆಕ್ಕ ಅದು.

ಈಗಿನ ನಿಯಮ ಹಗುರ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡು ದಿನ ಮಾತ್ರ ಉಪವಾಸ: ಒಂದು ಪೂರ್ತಿ ಊಟ, ಉಳಿದ ಎರಡು ಹೊತ್ತು ಅಲ್ಪಾಹಾರ. ಇದು 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಕಡ್ಡಾಯ. ಆ ಎರಡು ದಿನ ಮತ್ತು ತಪಸ್ಸುಕಾಲದ ಎಲ್ಲ ಶುಕ್ರವಾರ ಮಾಂಸ ವರ್ಜ್ಯ. ಅದು 14 ತುಂಬಿದವರೆಲ್ಲರಿಗೂ. ಕಾಯಿಲೆಯವರಿಗೆ, ಬಸುರಿಯರಿಗೆ ಉಪವಾಸದಿಂದ ವಿನಾಯಿತಿ.

ನಾನು ಹುಡುಗನಿದ್ದಾಗ ಹೀಗಿರಲಿಲ್ಲ. 1917ರ ಧರ್ಮಸಭೆಯ ಕಾನೂನಿನ ಪ್ರಕಾರ ಭಾನುವಾರ ಬಿಟ್ಟು ತಪಸ್ಸುಕಾಲದ ಎಲ್ಲ ದಿನವೂ ದೊಡ್ಡವರಿಗೆ ಒಂದೊತ್ತಿನ ಊಟ. ಮಾಂಸ ಬಿಡುವ ನಿಯಮ ಏಳು ವರ್ಷದ ಮಕ್ಕಳಿಗೂ ಇತ್ತು. ಪೋಪ್ ಆರನೇ ಪೌಲರು ಅದನ್ನು ಸಡಿಲಿಸಿದ್ದು 1966ರ ಫೆಬ್ರುವರಿ 17ರಂದು. ಅದಕ್ಕೂ ಶತಮಾನಗಳ ಹಿಂದೆ ಯುರೋಪಿನಲ್ಲಿ ಮೊಟ್ಟೆ, ಹಾಲು, ಬೆಣ್ಣೆಯನ್ನೂ ಬಿಡಬೇಕಿತ್ತು. ಆದರೆ ಕೋಳಿಗಳಿಗೆ ತಪಸ್ಸುಕಾಲ ಗೊತ್ತೇ? ಅವು ಇಡುತ್ತಲೇ ಇದ್ದವು. ರಾಶಿಬಿದ್ದ ಮೊಟ್ಟೆಗಳು ಈಸ್ಟರ್ ದಿನ ಬಣ್ಣ ಹಚ್ಚಿಸಿಕೊಂಡು ಹೊರಬಂದವು. ಇಥಿಯೋಪಿಯಾದ ಸನಾತನ ಕ್ರೈಸ್ತರು ಇಂದಿಗೂ ಹಾಲು-ಮೊಟ್ಟೆ ಮುಟ್ಟದೆ 55 ದಿನ ನಡೆಸುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಉಪವಾಸದ ವಯಸ್ಸನ್ನು ಇನ್ನೊಮ್ಮೆ ನೋಡಿ. ಅಜ್ಜ-ಅಜ್ಜಿ ಅದರಲ್ಲಿಲ್ಲ, ಶಾಲೆಯ ಮಕ್ಕಳೂ ಇಲ್ಲ. ಇರುವವರು ನಡುವಿನವರು, ಅಂದರೆ ಮಗ ಮತ್ತು ಸೊಸೆ. ಬೂದಿ ಬುಧವಾರ ನಸುಕಿನಲ್ಲಿ ಎದ್ದು ಮಕ್ಕಳ ಡಬ್ಬಿ ಕಟ್ಟಿ, ನಮಗೆ ಬಿಸಿ ರೊಟ್ಟಿ ಬಡಿದು, ತಾನು ಅರ್ಧ ಲೋಟ ಅಂಬಲಿ ಕುಡಿದು ಕೆಲಸಕ್ಕೆ ಹೋಗುವವಳು ಸೊಸೆ. ಹೋದ ವರ್ಷ ಮೊಮ್ಮಗಳು ಕೇಳಿದಳು: “ಅಜ್ಜಾ, ಅವ್ವ ಊಟಾನ ಮಾಡಿಲ್ಲ, ಆದ್ರೂ ನಮಗ ಬಡಸಾಕತ್ತಾಳ. ಉಪಾಸ ಇಲ್ಲದಾವ್ರು ನಾವಲ್ಲೇನು, ನಾವ ಯಾಕ ಅಡಗಿ ಮಾಡಬಾರದು?”

ನನ್ನ ಬಳಿ ಉತ್ತರ ಇರಲಿಲ್ಲ. ಆದ್ದರಿಂದ ಈ ವರ್ಷ ನಮ್ಮ ಮನೆಯ ತಪಸ್ಸುಕಾಲದ ಅಡುಗೆ ಪಟ್ಟಿ ಬರೆಯುವವರೂ ಅಡುಗೆ ಮಾಡುವವರೂ ಉಪವಾಸವಿಲ್ಲದವರೇ.

ಪಟ್ಟಿಗೆ ಹೊಸದೇನನ್ನೂ ಹುಡುಕಬೇಕಿಲ್ಲ. ಕೇರಳದಲ್ಲಿ ಶುಭ ಶುಕ್ರವಾರ ಗಂಜಿ ಮತ್ತು ಹೆಸರುಕಾಳು. ನಮ್ಮ ಘಟಪ್ರಭೆ ದಂಡೆಯ ಅನಗವಾಡಿ ಕಡೆ ನನ್ನ ಅವ್ವನ ತಪಸ್ಸುಕಾಲ ಎಂದರೆ ಜೋಳ. ಹಿಂಗಾರಿ ಜೋಳ ರಾಶಿಯಾಗಿ ಮನೆಗೆ ಬರುವುದೂ ಇದೇ ಹೊತ್ತಿಗೆ. ಬೆಳಿಗ್ಗೆ ಮಜ್ಜಿಗೆ ಬೆರೆಸಿದ ಅಂಬಲಿ, ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ರಾತ್ರಿ ಒಂದಿಷ್ಟು ನುಚ್ಚು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಜೊತೆಗೆ ಕಾಳು ಸೇರಿದರೆ ಮಾಂಸವಿಲ್ಲದ ದಿನ ಯಾರೂ ಸೊರಗುವುದಿಲ್ಲ.

ಪುಂಡಿಪಲ್ಯ ಮಕ್ಕಳೂ ಕೈಹಾಕಬಹುದಾದ ಅಡುಗೆ. ಎರಡು ಸಿವುಡು ಪುಂಡಿ ಎಲೆ ಬಿಡಿಸಿ ತೊಳೆಯುವುದು ಮೊಮ್ಮಗಳ ಕೆಲಸ. ಅರ್ಧ ವಾಟಿ ತೊಗರಿಬೇಳೆ, ಎರಡು ಚಮಚ ಜೋಳದ ನುಚ್ಚು, ನಾಲ್ಕು ಹಸಿಮೆಣಸಿನಕಾಯಿ ಎಲೆಯ ಜೊತೆ ಬೇಯಿಸಿ ಮಸೆಯಬೇಕು. ಉಪ್ಪು ಹಾಕಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಸ್ವಲ್ಪ ಧಾರಾಳವಾಗಿಯೇ ಕೊಡಬೇಕು. ಒಲೆಯ ಹತ್ತಿರದ ಕೆಲಸ ಅಜ್ಜಿಯದು. ಮಡಿಕೆ ಕಾಳನ್ನು ಬುಧವಾರ ರಾತ್ರಿ ನೆನೆಹಾಕಿ, ಗುರುವಾರ ಬಟ್ಟೆಯಲ್ಲಿ ಕಟ್ಟಿಟ್ಟರೆ ಶುಕ್ರವಾರಕ್ಕೆ ಮೊಳಕೆ ತಯಾರು. ನನ್ನ ಪಾಲಿಗೆ ಗಿರಣಿಗೆ ಹೋಗಿ ನುಚ್ಚು ಒಡೆಸುವುದು, ಶೇಂಗಾ ಹುರಿದು ಕುಟ್ಟುವುದು, ಮತ್ತು ಜುಣಕ. ರೊಟ್ಟಿ ಬಡಿಯುವುದು ಎಪ್ಪತ್ತು ದಾಟಿದ ಕೈಗೆ ಸುಲಭವಾಗಿ ಒಲಿಯದು, ಲಟ್ಟಣಿಗೆಯಿಂದ ಲಟ್ಟಿಸುತ್ತೇನೆ. ಆಕಾರದ ಬಗ್ಗೆ ಯಾರೂ ಮಾತಾಡುವಂತಿಲ್ಲ.

ಮೀನಿನ ಮಾತೊಂದಿದೆ. ನಿಯಮದಲ್ಲಿ ಮೀನು ಮಾಂಸವಲ್ಲ. ಆಲಮಟ್ಟಿ ಹಿನ್ನೀರಿನ ಮೀನು ನಮ್ಮಲ್ಲಿ ತಾಜಾ ಸಿಗುತ್ತದೆ. ಆದರೆ ಶುಕ್ರವಾರ ದುಬಾರಿ ಮೀನು ತಂದು ಕರಿದು ತಿಂದು, ಕೋಳಿ ಬಿಟ್ಟೆವೆಂದು ಹೇಳಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಕರಾವಳಿಯಲ್ಲಿ ಮೀನೇ ದಿನದ ಊಟ, ಅಲ್ಲಿನ ಮಾತು ಬೇರೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಲೆಕ್ಕವಿಲ್ಲದೆ ಸಮಾಧಾನವಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಅಂಕಣ. ಎಡಕ್ಕೆ, ಆ ಶುಕ್ರವಾರ ಎಂದಿನ ಅಡುಗೆಯಾಗಿದ್ದರೆ ತಗಲುತ್ತಿದ್ದ ಖರ್ಚು. ಬಲಕ್ಕೆ, ನಿಜವಾಗಿ ಆದ ಖರ್ಚು. ಕಳೆಯುವ ಲೆಕ್ಕ ಮೊಮ್ಮಗನದು. ಉಳಿದ ಹಣ ಡಬ್ಬಿಗೆ. ತಪಸ್ಸುಕಾಲದಲ್ಲಿ ಪ್ರಾರ್ಥನೆ, ಉಪವಾಸ, ದಾನ ಮೂರೂ ಜೊತೆಗಿರಬೇಕು. ಹಣ ನಮ್ಮ ಜೇಬಿನಲ್ಲೇ ಉಳಿದರೆ ಅದನ್ನು ಬ್ಯಾಂಕಿನವರು ಉಳಿತಾಯ ಎನ್ನುತ್ತಾರೆ. ಡಬ್ಬಿಯ ದುಡ್ಡಿನ ಜೋಳ-ಬೇಳೆ ಯಾರ ಮನೆಗೆ ಹೋಗಬೇಕೆಂದು ಮಕ್ಕಳು ಹೇಳುತ್ತಾರೆ. ಯಾರ ಮನೆಯ ಹುಡುಗ ಡಬ್ಬಿಯಿಲ್ಲದೆ ಶಾಲೆಗೆ ಬರುತ್ತಾನೆಂಬುದು ಅವರಿಗೇ ಚೆನ್ನಾಗಿ ಗೊತ್ತು.

ಮಾರ್ಚ್ 19ಕ್ಕೆ ಯುಗಾದಿ. ಸಂತ ಜೋಸೆಫರ ಹಬ್ಬವೂ ಅಂದೇ. ನೆರೆಮನೆಯಿಂದ ಹೋಳಿಗೆ ಬಂದೇ ಬರುತ್ತದೆ. ಸಿಹಿ ಬಿಟ್ಟಿರುವ ಮಕ್ಕಳು ಏನು ಮಾಡಬೇಕು? ತಿನ್ನಬೇಕು. ಪ್ರೀತಿಯಿಂದ ತಂದದ್ದನ್ನು ಹಿಂದಕ್ಕೆ ಕಳಿಸಬಾರದು. ನೇಮವನ್ನು ಭಾನುವಾರಕ್ಕೆ ಬದಲಿಸಿಕೊಂಡರಾಯಿತು.

ನನ್ನ ವಯಸ್ಸಿನವರಿಗೆ ಒಂದು ಮಾತು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ತಲೆತಿರುಗಿ ಬೀಳಬಹುದು. ಹಟ ಹಿಡಿದು ಉಪವಾಸ ಮಾಡಿ ಬಿದ್ದರೆ ನೋಡಿಕೊಳ್ಳಬೇಕಾದವಳು ಮತ್ತೆ ಅದೇ ಸೊಸೆ. ವೈದ್ಯರನ್ನು ಕೇಳಿ.

ಏಪ್ರಿಲ್ 3ರ ಶುಭ ಶುಕ್ರವಾರಕ್ಕೆ ಅವ್ವನ ಉಪಾಯವನ್ನೇ ಇಟ್ಟುಕೊಂಡಿದ್ದೇವೆ. ಹಿಂದಿನ ದಿನವೇ ಕಟಗರೊಟ್ಟಿ ಮಾಡಿ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಡುವುದು. ಶುಕ್ರವಾರ ಒಲೆ ಹೊತ್ತಿಸುವಂತಿಲ್ಲ. ರೊಟ್ಟಿ, ಅಗಸಿ ಹಿಂಡಿ, ಮೊಸರು, ಹಸಿ ಈರುಳ್ಳಿ, ಅಷ್ಟೇ. ಮಧ್ಯಾಹ್ನ ಮೂರರ ಪ್ರಾರ್ಥನೆಗೆ ಸೊಸೆಯೂ ನಮ್ಮ ಜೊತೆಗೇ ಹೊರಡಬಹುದು. ಆರು ಮಂದಿಗೆ ತಲೆಗೆ ಮೂರರಂತೆ 18 ರೊಟ್ಟಿ, ಮುರಿಯುವುದಕ್ಕೆಂದು ಇನ್ನು ನಾಲ್ಕು.