ವಿಮಾನ ನಿಲ್ದಾಣಕ್ಕೆ ಹೊರಟ ಹಿರಿಯರು

ಮನೆಯ ಹಿರಿಯರು ವಿದೇಶದಲ್ಲಿರುವ ಮಕ್ಕಳ ಬಳಿಗೆ ಹೊರಟಿದ್ದಾರೆಯೇ? ಹಾಗಾದರೆ ವಿಮಾನ ಹತ್ತುವ ಮುಂಚಿನ ಪ್ರಯಾಣದ ಬಗೆಗೂ ಯೋಚಿಸಿ. 2008ರ ಮೇ ತಿಂಗಳವರೆಗೆ ಗರುಡಾಚಾರ್‌ಪಾಳ್ಯದವರಿಗೆ ಎಚ್‌ಎಎಲ್ ವಿಮಾನ ನಿಲ್ದಾಣ ಹತ್ತಿರವಿತ್ತು. ಈಗ ದೇವನಹಳ್ಳಿಯ ಕಡೆಗೆ 30 ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ಟಿನ್ ಫ್ಯಾಕ್ಟರಿ, ಹೆಬ್ಬಾಳಗಳಲ್ಲಿ ವಾಹನಗಳು ಸಾಲುಗಟ್ಟಿ ನಿಂತರೆ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ.

ಗಟ್ಟಿಮುಟ್ಟಾಗಿದ್ದು, ಸಾಮಾನು ಕಡಿಮೆ ಇರುವವರಿಗೆ ಬಿಎಂಟಿಸಿಯ ವಾಯುವಜ್ರ ಬಸ್ಸು ಸಾಕು. ಮಂಡಿನೋವು ಇರುವವರಿಗೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾದವರಿಗೆ ಟ್ಯಾಕ್ಸಿಯೇ ಲೇಸು. ಮನೆ ಬಾಗಿಲಲ್ಲೇ ಹತ್ತಬಹುದು, ದಾರಿಯಲ್ಲಿ ಪೆಟ್ರೋಲ್ ಬಂಕಿನ ಬಳಿ ನಿಲ್ಲಿಸಬಹುದು. ಮೂತ್ರದ ಭಯಕ್ಕೆ ನೀರು ಕುಡಿಯುವುದನ್ನೇ ಬಿಡುವುದು ತಪ್ಪು. ವಾಕರಿಕೆ ಬರುವವರು ಹಿತಮಿತವಾಗಿ ಉಂಡು, ಮುಂದಿನ ಆಸನದಲ್ಲಿ ಕುಳಿತು ದೂರದ ರಸ್ತೆಯನ್ನು ನೋಡುತ್ತಿರಲಿ. ಕಾಲು ಊದುವವರು ಆಗಾಗ ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು.

ಸಕ್ಕರೆ ಕಾಯಿಲೆಯವರಿಗೆ ಹೆಚ್ಚಿನ ಎಚ್ಚರ ಬೇಕು. ಹೊರಡುವ ಗಡಿಬಿಡಿಯಲ್ಲಿ ಇನ್ಸುಲಿನ್ ಚುಚ್ಚಿಕೊಂಡು ಊಟ ಮರೆತರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ತಲೆಸುತ್ತು ಇದರ ಲಕ್ಷಣಗಳು. ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಇನ್ಸುಲಿನ್, ಮಾತ್ರೆ, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ; ದೊಡ್ಡ ಪೆಟ್ಟಿಗೆಯೊಡನೆ ಕಳಿಸಿದರೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು.

ಬಾಡಿಗೆ ಎಷ್ಟೆಂದು ವಿಚಾರಿಸುವ ಮುನ್ನ, ಯಾವುದರಲ್ಲಿ ಹೋದರೆ ಹಿತವೆಂದು ಹಿರಿಯರನ್ನೇ ಒಮ್ಮೆ ಕೇಳಿ.