ಡೇನಿಯಲ್ಲನ ಹಡಗುಕಟ್ಟೆಯ ಚಿತ್ರ

ಚರಿತ್ರೆಯ ಆಧಾರಗಳನ್ನು ಎಣಿಸುವಾಗ ಶಾಸನ, ನಾಣ್ಯ, ಕಡತಗಳನ್ನು ಹೇಳುವೆವು; ಅಚ್ಚಾದ ಚಿತ್ರಗಳನ್ನು ಅಷ್ಟಾಗಿ ಗಣಿಸುವುದಿಲ್ಲ. ಗಣಿಸಿದಾಗಲೂ ಅವನ್ನು ಕಣ್ಣಾರೆ ಕಂಡವನ ಸಾಕ್ಷ್ಯವೆಂದು ಒಪ್ಪಿಬಿಡುವುದುಂಟು. ಈ ಒಪ್ಪಿಗೆಯು ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ಪರೀಕ್ಷಿಸಲು 1802ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಒಂದು ಚಿತ್ರವು ತಕ್ಕ ಉದಾಹರಣೆಯಾಗಿದೆ. ವೆಸ್ಟ್ ಇಂಡೀಸ್ ವ್ಯಾಪಾರಕ್ಕಾಗಿ ಐಲ್ ಆಫ್ ಡಾಗ್ಸ್ ಎಂಬಲ್ಲಿ ‘ಈಗ ಕಟ್ಟಲಾಗುತ್ತಿರುವ’ ಹಡಗುಕಟ್ಟೆಗಳ ಮತ್ತು ಉಗ್ರಾಣಗಳ ಮೇಲುನೋಟವೆಂದು ಅದರ ಶಿರೋನಾಮೆಯ ತಾತ್ಪರ್ಯ.

ಚಿತ್ರವನ್ನು ಬರೆದು ಕೆತ್ತಿದವನು ವಿಲಿಯಂ ಡೇನಿಯಲ್ (1769–1837). ಇವನು ನಮಗೆ ಅಪರಿಚಿತನಲ್ಲ. ತನ್ನ ಚಿಕ್ಕಪ್ಪ ಥಾಮಸನೊಡನೆ 1786ರಲ್ಲಿ ಕಲ್ಕತ್ತೆಗೆ ಬಂದು ಸುಮಾರು ಏಳು ವರ್ಷ ಹಿಂದೂಸ್ಥಾನದಲ್ಲಿ ಸಂಚರಿಸಿ, ಮೂರನೆಯ ಮೈಸೂರು ಯುದ್ಧವು ಮುಗಿದ 1792ರಲ್ಲಿ ದಕ್ಷಿಣಕ್ಕೂ ಬಂದು, ರಾಯಕೋಟೆಯೇ ಮೊದಲಾದ ಗಿರಿದುರ್ಗಗಳನ್ನು ಚಿತ್ರಿಸಿಕೊಂಡವರಲ್ಲಿ ಇವನೂ ಒಬ್ಬನು. ಆ ಚಿತ್ರಗಳಿಗೂ ಈ ಚಿತ್ರಕ್ಕೂ ಬಳಸಿದ ವಿಧಾನವು ಅಕ್ವಾಟಿಂಟ್ ಎಂಬುದು. ತಾಮ್ರದ ತಗಡಿನ ಮೇಲೆ ರಾಳದ ಪುಡಿಯನ್ನು ಹರಡಿ, ಕಾಯಿಸಿ ಅಂಟಿಸಿ, ಆಮ್ಲದಿಂದ ಕೊರೆಯಿಸಿದರೆ, ಅಚ್ಚಿನಲ್ಲಿ ಕುಂಚದಿಂದ ಬಳಿದಂತಹ ಛಾಯೆಗಳು ಮೂಡುವುವು.

ಇನ್ನು ಕಟ್ಟಡದ ವಿಷಯ. ಅದಕ್ಕೆ ಮುಂಚೆ ಸಕ್ಕರೆ, ರಮ್ಮುಗಳನ್ನು ತಂದ ಹಡಗುಗಳು ಥೇಮ್ಸ್ ನದಿಯ ನಡುವೆಯೇ ನಿಂತು ಸರಕನ್ನು ದೋಣಿಗಳಿಗೆ ಇಳಿಸುತ್ತಿದ್ದುವು. ಇದರಿಂದ ವಿಳಂಬವೂ ಕಳ್ಳತನವೂ ಮಿತಿಮೀರಿದುವು. ವರ್ತಕರ ಪ್ರಯತ್ನದಿಂದ 1799ರಲ್ಲಿ ಕಾಯಿದೆಯಾಯಿತು; 1800ನೆಯ ಜುಲೈ 12ರಂದು ಅಸ್ತಿಭಾರವನ್ನಿಟ್ಟರು. ವಿಲಿಯಂ ಜೆಸಪ್ಪನು ಮುಖ್ಯ ಎಂಜಿನಿಯರನು. ನೆಲವನ್ನು ತೋಡಿ, ಸುತ್ತ ಇಟ್ಟಿಗೆಯ ಗೋಡೆ ಕಟ್ಟಿ, ಬಾಗಿಲುಗಳಿಂದ ನೀರನ್ನು ತಡೆದು ನಿಲ್ಲಿಸಿದ ಕೊಳಗಳೇ ಈ ಹಡಗುಕಟ್ಟೆಗಳು. ಆಮದಿನ ಕಟ್ಟೆಯು ಸುಮಾರು 30 ಎಕರೆ, ರಫ್ತಿನದು ಸುಮಾರು 24 ಎಕರೆ.

ಚಿತ್ರದಲ್ಲಿ ನದಿಯ ತಿರುವಿನೊಳಗೆ ಎರಡು ಕಟ್ಟೆಗಳೂ, ಅವುಗಳ ಪಕ್ಕದಲ್ಲಿ ಒಂದು ಕಾಲುವೆಯೂ, ಸಾಲಾದ ಉಗ್ರಾಣಗಳೂ, ದೂರದಲ್ಲಿ ಲಂಡನ್ ನಗರವೂ ಕಾಣುತ್ತವೆ. ಎಲ್ಲವೂ ಪೂರ್ಣವಾಗಿದೆ. ಆದರೆ ಆಮದಿನ ಕಟ್ಟೆಯು ತೆರೆದುದು 1802ನೆಯ ಆಗಸ್ಟ್ 27ರಂದು, ಕಾಲುವೆಯು 1805ರಲ್ಲಿ, ರಫ್ತಿನ ಕಟ್ಟೆಯು 1806ರಲ್ಲಿ. ಶಿರೋನಾಮೆಯು ‘ಕಟ್ಟಲಾಗುತ್ತಿದೆ’ ಎನ್ನುತ್ತದೆ. ಚಿತ್ರವು ‘ಕಟ್ಟಿಯಾಯಿತು’ ಎನ್ನುತ್ತದೆ. ಇವೆರಡರಲ್ಲಿ ಶಿರೋನಾಮೆಯೇ ನಿಜ. ಮೇಲಾಗಿ, ಇಷ್ಟನ್ನೂ ಒಮ್ಮೆಗೇ ಕಾಣುವಂತಹ ಎತ್ತರದ ಸ್ಥಳವು ಆ ತಗ್ಗುನೆಲದಲ್ಲಿ ಇರಲಿಲ್ಲ. ಆದುದರಿಂದ ಚಿತ್ರಕಾರನು ಕಂಡುದರೊಡನೆ ಕಟ್ಟಡದ ನಕ್ಷೆಯನ್ನೂ ಸೇರಿಸಿ, ಆಕಾಶದಿಂದ ನೋಡಿದಂತೆ ಕಲ್ಪಿಸಿ ಬರೆದಿರಬೇಕು. ಇದನ್ನು ಸಾಕ್ಷ್ಯವೆನ್ನುವುದಕ್ಕಿಂತ ಸಂಕಲ್ಪವೆನ್ನುವುದು ಸರಿ.

ಶಾಸನದಲ್ಲಿ ಪ್ರಶಸ್ತಿಯ ಭಾಗವನ್ನೂ ದತ್ತಿಯ ಭಾಗವನ್ನೂ ಬೇರೆಬೇರೆ ತೂಗಿ ನೋಡುವುದು ನಮ್ಮ ಸಂಶೋಧಕರ ಪದ್ಧತಿ. ಚಿತ್ರಕ್ಕೂ ಆ ಪದ್ಧತಿಯೇ ತಕ್ಕುದು. ಪ್ರಶಸ್ತಿಯು ಏನನ್ನು ಹೇಳದೆ ಬಿಡುವುದೆಂಬುದನ್ನೂ ನಾವು ಕೇಳಬೇಕು. ಈ ಕಟ್ಟೆಗಳಿಗೆ ಬರುತ್ತಿದ್ದ ಸಕ್ಕರೆಯು ವೆಸ್ಟ್ ಇಂಡೀಸಿನಲ್ಲಿ ಗುಲಾಮರಾಗಿದ್ದ ಆಫ್ರಿಕದ ಜನರ ದುಡಿಮೆಯಿಂದ ಬಂದುದು. ಗುಲಾಮರ ವ್ಯಾಪಾರವನ್ನು ಬ್ರಿಟಿಷ್ ಪಾರ್ಲಿಮೆಂಟು ನಿಷೇಧಿಸಿದುದು 1807ರಲ್ಲಿ. ಗುಲಾಮಗಿರಿಯನ್ನು ತೆಗೆದುಹಾಕುವ ಕಾಯಿದೆಯಾದುದು 1833ರಲ್ಲಿ. ಎಂದರೆ ಚಿತ್ರದ ಆ ನೆಮ್ಮದಿಯ ನೀರಿನ ಹಿಂದೆ, ಅದರ ಚೌಕಟ್ಟಿಗೆ ಸಿಕ್ಕದ ಸಾವಿರಾರು ಜನರ ಸಂಕಟವಿತ್ತು. ಕಟ್ಟೆಗಳ ಸ್ಥಾಪನೆಗೆ ಮುಂದಾದ ರಾಬರ್ಟ್ ಮಿಲಿಗನ್ನನು ಜಮೈಕದಲ್ಲಿ ಗುಲಾಮರ ಒಡೆಯನಾಗಿದ್ದವನು. 1813ರಲ್ಲಿ ನಿಲ್ಲಿಸಿದ ಅವನ ಪ್ರತಿಮೆಯನ್ನು 2020ರಲ್ಲಿ ಅಲ್ಲಿಂದ ತೆಗೆದರು.

ಕಟ್ಟೆಗಳ ವ್ಯಾಪಾರವು 1980ರಲ್ಲಿ ನಿಂತಿತು. ಉಗ್ರಾಣಗಳಲ್ಲಿ ಬಹುಭಾಗವು 1940ರ ಬಾಂಬಿನ ದಾಳಿಯಲ್ಲಿ ನಾಶವಾಯಿತು. ಉಳಿದವುಗಳಲ್ಲಿ ಒಂದರೊಳಗೆ 2003ರಿಂದ ವಸ್ತುಸಂಗ್ರಹಾಲಯವಿದೆ. ಡೇನಿಯಲ್ಲನ ಚಿತ್ರದ ಬೆಲೆಯು ಇದರಿಂದ ತಗ್ಗುವುದಿಲ್ಲ. 1802ರಲ್ಲಿ ಆ ನೆಲವು ಹೇಗಿತ್ತೆಂಬುದನ್ನು ಅದು ಪೂರ್ತಿಯಾಗಿ ತಿಳಿಸದು. ಅದು ಹೇಗೆ ಕಾಣಬೇಕೆಂದು ವರ್ತಕರು ಬಯಸಿದರೆಂಬುದನ್ನು ಮಾತ್ರ ಬೇರಾವ ಕಡತಕ್ಕಿಂತಲೂ ಸ್ಪಷ್ಟವಾಗಿ ತಿಳಿಸುವುದು.